ಮನೆಯಲ್ಲಿ ಎಚ್‌ಐವಿ ಸ್ವಯಂ ಪರೀಕ್ಷೆ: ಬೆಳಗ್ಗೆ ಕಂಡ ಮಸುಕು ಗೆರೆಯನ್ನು ನಂಬಬೇಕೇ?

ಪ್ರಶ್ನೆ: ಡಾಕ್ಟರೇ, ನನಗೆ 29 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ಕೆಲಸ ಮಾಡುತ್ತೇನೆ. ನಾಲ್ಕು ವಾರಗಳ ಹಿಂದೆ ಬೇರೆ ಊರಿಗೆ ಹೋಗಿದ್ದಾಗ ಕಾಂಡೋಮ್ ಇಲ್ಲದೆ ಲೈಂಗಿಕ ಸಂಪರ್ಕವಾಯಿತು. ಆಮೇಲೆ ಭಯವಾಗಿ ಆನ್‌ಲೈನ್‌ನಲ್ಲಿ ಎಚ್‌ಐವಿ ಪರೀಕ್ಷೆಯ ಕಿಟ್ ತರಿಸಿಕೊಂಡೆ. ಮೊನ್ನೆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಪರೀಕ್ಷೆ ಮಾಡಿಕೊಂಡೆ. ಬೆರಳಿನಿಂದ ರಕ್ತ ಸರಿಯಾಗಿ ಬರಲಿಲ್ಲ, ಹಿಂಡಿ ಹಿಂಡಿ ಹಾಕಿದೆ. ಒಂದೇ ಗೆರೆ ಕಂಡಿತು. ಬೆಳಗ್ಗೆ ಎದ್ದು ಮತ್ತೆ ನೋಡಿದಾಗ ಎರಡನೆಯ ಗೆರೆಯೊಂದು ಮಸುಕಾಗಿ ಕಾಣುತ್ತಿತ್ತು. ನನಗೆ ಸೋಂಕು ತಗುಲಿದೆಯೇ? ಬಾಯಿಯ ದ್ರವದಿಂದ ಮಾಡುವ ಕಿಟ್ ಇದಕ್ಕಿಂತ ಒಳ್ಳೆಯದೇ? ಮನೆಯಲ್ಲಿ ನನಗೆ ಹೆಣ್ಣು ನೋಡುತ್ತಿದ್ದಾರೆ. ಇಲ್ಲಿನ ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಅಂಜಿಕೆ. ಏನು ಮಾಡಲಿ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಬೆಳಗ್ಗೆ ಕಂಡ ಆ ಮಸುಕು ಗೆರೆಯಿಂದ ನಿಮಗೆ ಎಚ್‌ಐವಿ ಇದೆಯೆಂದು ಹೇಳಲು ಬರುವುದಿಲ್ಲ. ಆದರೆ ರಾತ್ರಿ ಕಂಡ ಒಂದೇ ಗೆರೆಯನ್ನು ನಂಬಿ ಸೋಂಕು ಇಲ್ಲವೆಂದು ನಿಶ್ಚಿಂತರಾಗಿರಲೂ ಆಗದು. ಪರೀಕ್ಷೆ ನಡೆದ ಕಾಲ, ರಕ್ತ ತೆಗೆದ ರೀತಿ, ಫಲಿತಾಂಶ ಓದಿದ ಸಮಯ ಈ ಮೂರರಲ್ಲೂ ತೊಡಕಾಗಿರುವುದರಿಂದ, ಆ ಕಿಟ್ ನಿಮ್ಮ ಬಗ್ಗೆ ಏನನ್ನೂ ಹೇಳಿಲ್ಲ ಎಂದೇ ತಿಳಿಯಿರಿ. ಈ ವಾರದೊಳಗೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ, ಹೋಗಿ ಒಮ್ಮೆ ಪರೀಕ್ಷೆ ಮಾಡಿಸಿ. ಸಂಪರ್ಕವಾದ ದಿನದಿಂದ ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಿ. ಇದಕ್ಕೆ ಕಾರಣಗಳನ್ನೂ, ಮುಂದೆ ಎಂದಾದರೂ ನೀವು ಅಥವಾ ಇದನ್ನು ಓದುತ್ತಿರುವ ಬೇರೆಯವರು ಮನೆಯಲ್ಲಿ ಪರೀಕ್ಷೆ ಮಾಡಿಕೊಳ್ಳುವುದಾದರೆ ಅದನ್ನು ಸರಿಯಾಗಿ ಮಾಡುವ ಬಗೆಯನ್ನೂ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಈ ಕಿಟ್‌ಗಳಲ್ಲಿ ಬಹುಪಾಲು ಎಚ್‌ಐವಿ ವೈರಸ್ಸನ್ನು ಹುಡುಕುವುದಿಲ್ಲ. ವೈರಸ್ ಒಳಹೊಕ್ಕ ಮೇಲೆ ನಮ್ಮ ದೇಹ ಅದರ ವಿರುದ್ಧ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತವೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಕಿಟ್‌ನೊಳಗಿನ ಪಟ್ಟಿ ರಕ್ತದ ಹನಿಯನ್ನೂ ಅದರ ಜೊತೆಗೆ ಹಾಕಿದ ದ್ರಾವಣವನ್ನೂ ಮೇಲಕ್ಕೆ ಹೀರಿಕೊಳ್ಳುತ್ತದೆ. ದಾರಿಯಲ್ಲಿ ಬಣ್ಣದ ಸೂಕ್ಷ್ಮ ಕಣಗಳು ಅದರೊಡನೆ ಸೇರಿಕೊಳ್ಳುತ್ತವೆ. ಪಟ್ಟಿಯ ಒಂದು ಕಡೆ ಎಚ್‌ಐವಿಯ ಪ್ರೋಟೀನನ್ನು ಗೆರೆಯಾಗಿ ಅಂಟಿಸಿರುತ್ತಾರೆ. ರಕ್ತದಲ್ಲಿ ಪ್ರತಿಕಾಯಗಳಿದ್ದರೆ ಅವು ಅಲ್ಲಿ ಸಿಕ್ಕಿಕೊಂಡು, ಬಣ್ಣದ ಕಣಗಳನ್ನೂ ಹಿಡಿದು ನಿಲ್ಲಿಸಿ, ‘ಟಿ’ ಎಂದು ಗುರುತಿಸಿದ ಜಾಗದಲ್ಲಿ ಗೆರೆ ಮೂಡಿಸುತ್ತವೆ. ಅದರಾಚೆ ‘ಸಿ’ ಎಂಬ ಜಾಗದಲ್ಲಿ ಮೂಡುವ ಗೆರೆ ಪಟ್ಟಿ ಕೆಲಸ ಮಾಡಿದೆ ಎಂಬುದಕ್ಕೆ ಸಾಕ್ಷಿ. ಇವೆಲ್ಲ ದ್ರವ ಹರಿಯುತ್ತಿರುವಾಗ ನಡೆಯುವ ಕೆಲಸಗಳು. ಹರಿವು ನಿಂತು ಪಟ್ಟಿ ಒಣಗತೊಡಗಿದ ಮೇಲೆ, ಎಲ್ಲೋ ಉಳಿದಿದ್ದ ಬಣ್ಣದ ಕಣಗಳು ಆ ಗೆರೆಯ ಜಾಗದಲ್ಲಿ ನಿಂತು ಬೂದು ಅಥವಾ ತೆಳು ಗುಲಾಬಿ ನೆರಳು ಬಿಡುವುದುಂಟು. ಆದ್ದರಿಂದಲೇ ಪ್ರತಿಯೊಂದು ಕಿಟ್‌ನ ಸೂಚನಾ ಪತ್ರದಲ್ಲಿ ಇಷ್ಟು ನಿಮಿಷಗಳ ನಂತರ ಓದಬೇಕು, ಇಷ್ಟು ನಿಮಿಷ ದಾಟಿದ ಮೇಲೆ ಓದಬಾರದು ಎಂದು ಎರಡು ಗಡುವುಗಳಿರುತ್ತವೆ. ಕೆಲವು ರಕ್ತದ ಕಿಟ್‌ಗಳಿಗೆ ಈ ಅವಧಿ 15ರಿಂದ 20 ನಿಮಿಷ. ಬಾಯಿಯ ದ್ರವದಿಂದ ಮಾಡುವ ಓರಾಕ್ವಿಕ್ ಕಿಟ್‌ಗೆ 20ರಿಂದ 40 ನಿಮಿಷ. ನೀವು ಬೆಳಗ್ಗೆ ನೋಡಿದ್ದು ಆ ಎರಡನೆಯ ಗಡುವು ಮುಗಿದು ಎಷ್ಟೋ ಗಂಟೆಗಳಾದ ಮೇಲೆ.

ಹಾಗಾದರೆ ರಾತ್ರಿಯ ಒಂದು ಗೆರೆಯನ್ನಾದರೂ ನಂಬಬಹುದಲ್ಲ ಎಂದು ನೀವು ಕೇಳಬಹುದು. ಅಲ್ಲಿ ಅಡ್ಡ ಬರುವುದು ಕ್ಯಾಲೆಂಡರ್. ಸೋಂಕು ತಗುಲಿದ ದಿನದಿಂದ, ಪರೀಕ್ಷೆ ಅದನ್ನು ಪತ್ತೆ ಹಚ್ಚಬಲ್ಲ ದಿನದವರೆಗಿನ ಅಂತರವನ್ನು ಗವಾಕ್ಷಿ ಅವಧಿ ಎನ್ನುತ್ತಾರೆ. ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಗಳಿಗೆ ಈ ಅವಧಿ 23ರಿಂದ 90 ದಿನ. ಕೆಲವರ ದೇಹ ನಾಲ್ಕನೆಯ ವಾರದಲ್ಲೇ ಸಾಕಷ್ಟು ಪ್ರತಿಕಾಯಗಳನ್ನು ತಯಾರಿಸಿರುತ್ತದೆ, ಕೆಲವರದು ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ನೀವು ಯಾವ ಗುಂಪಿನವರೆಂದು ಹೊರಗಿನಿಂದ ಹೇಳುವ ಯಾವ ದಾರಿಯೂ ಇಲ್ಲ. ಪ್ರಯೋಗಾಲಯದಲ್ಲಿ ಕೈಯ ರಕ್ತನಾಳದಿಂದ ರಕ್ತ ತೆಗೆದು, ಪ್ರತಿಕಾಯದ ಜೊತೆಗೆ ವೈರಸ್ಸಿನದೇ ಭಾಗವಾದ ಪಿ24 ಎಂಬ ಪ್ರೋಟೀನನ್ನೂ ಹುಡುಕುವ ನಾಲ್ಕನೆಯ ತಲೆಮಾರಿನ ಪರೀಕ್ಷೆಗೆ ಈ ಅವಧಿ 18ರಿಂದ 45 ದಿನ. ವೈರಸ್ಸಿನ ಆರ್‌ಎನ್‌ಎಯನ್ನೇ, ಅಂದರೆ ಅದರ ಆನುವಂಶಿಕ ವಸ್ತುವನ್ನೇ, ಹುಡುಕುವ ಪರೀಕ್ಷೆಗೆ 10ರಿಂದ 33 ದಿನ. ನಾಲ್ಕು ವಾರಕ್ಕೆ ಮಾಡಿದ ಮನೆಯ ಪರೀಕ್ಷೆಯಲ್ಲಿ ಒಂದೇ ಗೆರೆ ಬಂದರೆ, ‘ಇಂದಿನವರೆಗೆ ಪ್ರತಿಕಾಯ ಕಂಡಿಲ್ಲ’ ಎಂದಷ್ಟೇ ಅರ್ಥ. ಅದು ಸಣ್ಣ ಸಮಾಧಾನವೇ ಹೊರತು ತೀರ್ಮಾನವಲ್ಲ. ಸಂಪರ್ಕವಾದ ಎರಡು ಮೂರು ವಾರಗಳಲ್ಲಿ ಜ್ವರ, ಗಂಟಲು ನೋವು, ಮೈಮೇಲೆ ಗಂಧೆ ಕಾಣಿಸಿಕೊಂಡರೂ, ಏನೂ ಕಾಣಿಸದಿದ್ದರೂ, ಅದನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಬೇಡಿ. ಎಚ್‌ಐವಿಯ ಮೊದಲ ಜ್ವರಕ್ಕೂ ಸಾಮಾನ್ಯ ವೈರಲ್ ಜ್ವರಕ್ಕೂ ವ್ಯತ್ಯಾಸ ಹೇಳುವುದು ವೈದ್ಯರಿಗೂ ಕಷ್ಟ, ಎಷ್ಟೋ ಜನರಿಗೆ ಆ ಜ್ವರವೇ ಬರುವುದಿಲ್ಲ.

ಇಲ್ಲಿ ಓದುಗರೆಲ್ಲರಿಗೂ ಒಂದು ಮಾತು ಹೇಳಬೇಕು. ನಿಮ್ಮ ಪಾಲಿಗೆ ಆ ಸಮಯ ಕಳೆದುಹೋಗಿದೆ, ಆದರೂ ಹೇಳದೆ ಇರಲಾರೆ. ಅಸುರಕ್ಷಿತ ಸಂಪರ್ಕವಾದ 72 ಗಂಟೆಗಳೊಳಗೆ ಆಸ್ಪತ್ರೆಗೆ ಬಂದರೆ, ಸೋಂಕು ನೆಲೆಯೂರದಂತೆ ತಡೆಯುವ ಮಾತ್ರೆಗಳನ್ನು 28 ದಿನ ಕೊಡಲು ಸಾಧ್ಯವಿದೆ. ಅದನ್ನು ಪಿಇಪಿ ಎನ್ನುತ್ತಾರೆ. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು, ಮೂರು ದಿನ ಕಳೆದ ಮೇಲೆ ಅದರಿಂದ ಪ್ರಯೋಜನವಿಲ್ಲ. ಆ ಅಮೂಲ್ಯ ಗಂಟೆಗಳಲ್ಲಿ ಜನರು ಕಿಟ್ ತರಿಸಿ, ಅದು ಕೊರಿಯರ್‌ನಲ್ಲಿ ಬರುವುದನ್ನು ಕಾಯುತ್ತ ಕೂರುತ್ತಾರೆ. ಆ ಹೊತ್ತಿನಲ್ಲಿ ಬೇಕಾಗಿರುವುದು ಪರೀಕ್ಷೆಯಲ್ಲ, ಮಾತ್ರೆ. ರಾತ್ರಿಯಾಗಿದ್ದರೂ ಜಿಲ್ಲಾಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ನಡೆದದ್ದನ್ನು ವೈದ್ಯರಿಗೆ ನೇರವಾಗಿ ಹೇಳಬೇಕು.

ಇನ್ನು ಕಿಟ್‌ನ ವಿಷಯ. ಆನ್‌ಲೈನ್‌ನಲ್ಲಿ ಸಿಗುವ ಎಚ್‌ಐವಿ ಕಿಟ್‌ಗಳೆಲ್ಲವೂ ಸ್ವಯಂ ಪರೀಕ್ಷೆಗೆಂದು ತಯಾರಾದವಲ್ಲ. ಪ್ರಯೋಗಾಲಯದ ತಂತ್ರಜ್ಞರು ಬಳಸಲೆಂದು ತಯಾರಾದ ಪಟ್ಟಿಗಳೂ ಅದೇ ತಾಣಗಳಲ್ಲಿ ಮಾರಾಟಕ್ಕಿರುತ್ತವೆ. ಅವುಗಳ ಜೊತೆ ಎಷ್ಟೋ ಸಲ ಸೂಜಿಯೂ ಇರುವುದಿಲ್ಲ, ಸಾಮಾನ್ಯರಿಗೆ ಅರ್ಥವಾಗುವ ಸೂಚನೆಯೂ ಇರುವುದಿಲ್ಲ. ಹನಿ ಎಷ್ಟು ಮೈಕ್ರೋಲೀಟರ್ ಇರಬೇಕೆಂದು ಬರೆದಿರುತ್ತದೆಯೇ ಹೊರತು ಅದನ್ನು ಮನೆಯಲ್ಲಿ ಅಳೆಯುವ ಸಾಧನ ಇರುವುದಿಲ್ಲ. ಪೆಟ್ಟಿಗೆಯ ಮೇಲೆ ಇದು ಸ್ವಯಂ ಪರೀಕ್ಷೆಗೆಂದು ಸ್ಪಷ್ಟವಾಗಿ ಬರೆದಿರಬೇಕು. ನಮ್ಮ ದೇಶದ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯಲ್ಲಿ ಎಚ್‌ಐವಿ ಪರೀಕ್ಷಾ ಕಿಟ್‌ಗಳು ಅತಿ ಹೆಚ್ಚು ಎಚ್ಚರ ಬೇಕಾದ ‘ಡಿ’ ವರ್ಗಕ್ಕೆ ಸೇರಿವೆ. ತಯಾರಕರ ಅಥವಾ ಆಮದುದಾರರ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇವಿಷ್ಟೂ ಅಚ್ಚಾಗಿರದ ಕಿಟ್ ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಬೇಡ.

ಕೊಂಡ ಕಿಟ್ ಅನ್ನು ಇಟ್ಟ ಜಾಗದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಆದರೆ ನಿಮ್ಮ ಊರಿನಲ್ಲಿ, ನಿಮ್ಮ ಕಸುಬಿನಲ್ಲಿ, ಅದೇ ಮುಖ್ಯ ಪ್ರಶ್ನೆಯಾಗಬಹುದು. ಸಾಮಾನ್ಯವಾಗಿ ಇವುಗಳನ್ನು 2ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿಡಬೇಕೆಂದು ಬರೆದಿರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ ಶೀಟು ಹೊದಿಸಿದ ಮನೆಯೊಳಗಿನ ಅಟ್ಟದ ಮೇಲೆ, ಅಥವಾ ಗೂಡು ಬೇಯಿಸುವ ಒಲೆಯ ಪಕ್ಕದ ಗೂಟಕ್ಕೆ ತೂಗುಹಾಕಿದ ಚೀಲದಲ್ಲಿ, 30 ಡಿಗ್ರಿ ದಾಟುವುದು ಏನೂ ದೊಡ್ಡದಲ್ಲ. ಯಾರ ಕಣ್ಣಿಗೂ ಬೀಳದಿರಲೆಂದು ಸ್ಕೂಟರ್ ಸೀಟಿನ ಕೆಳಗೆ ಬಚ್ಚಿಟ್ಟವರಿದ್ದಾರೆ. ಕಾದ ಪಟ್ಟಿಯ ಮೇಲಿನ ಪ್ರೋಟೀನ್ ಹಾಳಾದರೆ ಇರುವ ಸೋಂಕನ್ನೂ ಅದು ತೋರಿಸದೆ ಹೋಗಬಹುದು. ಮನೆಯ ತಂಪಾದ ಕೋಣೆಯ ಪೆಟ್ಟಿಗೆಯಲ್ಲಿ, ಬಟ್ಟೆಗಳ ನಡುವೆ ಇಟ್ಟರೆ ಸಾಕು. ಫ್ರೀಜರ್ ಬೇಡ. ಒಳಗಿನ ಬೆಳ್ಳಿಬಣ್ಣದ ಪೊಟ್ಟಣವನ್ನು ಪರೀಕ್ಷೆಗೆ ಕೂತ ಮೇಲಷ್ಟೇ ಒಡೆಯಬೇಕು, ಏಕೆಂದರೆ ಗಾಳಿಯ ತೇವ ತಾಗಿದ ಪಟ್ಟಿ ಬೇಗ ಕೆಡುತ್ತದೆ. ಅದರೊಳಗೆ ತೇವ ಹೀರಲೆಂದು ಹಾಕಿರುವ ಚಿಕ್ಕ ಪುಡಿಯ ಚೀಲವನ್ನು ಪರೀಕ್ಷೆಯ ಭಾಗವೆಂದುಕೊಂಡು ದ್ರಾವಣದಲ್ಲಿ ಅದ್ದಬೇಡಿ.

ಬೆರಳಿನ ವಿಷಯಕ್ಕೆ ಬರೋಣ. ನಿಮಗೆ ರಕ್ತ ಬಾರದಿದ್ದಕ್ಕೆ ಕಾರಣ ನಿಮ್ಮ ಕೆಲಸವೇ ಇರಬಹುದೆಂದು ನನ್ನ ಅನಿಸಿಕೆ. ನೂಲಿನ ಎಳೆ ಹುಡುಕುತ್ತ ದಿನವಿಡೀ ಬಿಸಿನೀರಿನ ಬೇಸಿನ್‌ನಲ್ಲಿ ಕೈಯಾಡಿಸುವವರ ಬೆರಳ ತುದಿಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಚರ್ಮ ನೆನೆದು ಬಿಳಿಚಿ ಸುಕ್ಕುಗಟ್ಟಿರುತ್ತದೆ, ಒಣಗಿದಾಗ ದಪ್ಪಗಾಗಿ ಅಲ್ಲಲ್ಲಿ ಬಿರುಕು ಬಿಡುತ್ತದೆ. ಗೂಡಿನ ಅಂಟು ಉಗುರಿನ ಸಂದಿಯಲ್ಲಿ ಕೂತಿರುತ್ತದೆ. ಅಂಥ ಬೆರಳ ತುದಿಯ ನಡುಭಾಗಕ್ಕೆ ಕಿಟ್‌ನ ಸಣ್ಣ ಸೂಜಿ ತಾಗಿದರೆ ಅದು ದಪ್ಪ ಚರ್ಮವನ್ನು ದಾಟುವುದೇ ಕಷ್ಟ. ಆದ್ದರಿಂದ ಕೆಲಸ ಮುಗಿಸಿ ಬಂದ ರಾತ್ರಿ ಪರೀಕ್ಷೆ ಮಾಡಬೇಡಿ. ರಜೆಯ ದಿನ ಬೆಳಗ್ಗೆ ಮಾಡಿ. ಸಾಬೂನು ಹಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ಕೈ ತೊಳೆದು, ಒಂದು ಹನಿ ನೀರೂ ಉಳಿಯದಂತೆ ಒರೆಸಿಕೊಳ್ಳಿ, ಏಕೆಂದರೆ ಒದ್ದೆ ಚರ್ಮದ ಮೇಲೆ ರಕ್ತ ಹನಿಯಾಗಿ ನಿಲ್ಲದೆ ಹರಡಿಹೋಗುತ್ತದೆ. ಹೆಚ್ಚು ಕೆಲಸ ಮಾಡದ ಕೈಯನ್ನು ಆರಿಸಿಕೊಂಡು, ಒಂದೆರಡು ನಿಮಿಷ ಕೆಳಗೆ ಇಳಿಬಿಟ್ಟು, ಅಂಗೈಯಿಂದ ಬೆರಳಿನ ಕಡೆಗೆ ನಿಧಾನವಾಗಿ ನೀವಿ. ಉಂಗುರ ಬೆರಳು ಅಥವಾ ನಡುಬೆರಳಿನ ತುದಿಯ ಪಕ್ಕದ ಭಾಗದಲ್ಲಿ, ಬಿರುಕು ಗಾಯಗಳಿಲ್ಲದ ಕಡೆ, ಚುಚ್ಚಬೇಕು. ಅಲ್ಲಿ ಚರ್ಮವೂ ತೆಳು, ನೋವೂ ಕಡಿಮೆ. ಕಿಟ್‌ನಲ್ಲಿ ಸ್ಪಿರಿಟ್ ಹತ್ತಿ ಇದ್ದರೆ ಒರೆಸಿ, ಅದು ಪೂರ್ತಿ ಆರುವವರೆಗೆ ಕಾಯಿರಿ.

ಸೂಜಿಯನ್ನು ಹೆದರಿ ಹೆದರಿ ತಾಗಿಸುವುದು ಎಲ್ಲರೂ ಮಾಡುವ ತಪ್ಪು. ಅದು ಸ್ಪ್ರಿಂಗ್ ಇರುವ, ಒಂದೇ ಸಲ ಬಳಸಬಹುದಾದ ಸಾಧನ. ಬೆರಳನ್ನು ಮೇಜಿನ ಮೇಲೆ ಒರಗಿಸಿಟ್ಟು, ಸಾಧನವನ್ನು ಚರ್ಮಕ್ಕೆ ಗಟ್ಟಿಯಾಗಿ ಒತ್ತಿದರೆ ಸೂಜಿ ತಾನೇ ಹೊರಬಂದು ಒಳಸೇರುತ್ತದೆ. ಮೊದಲ ಹನಿಯನ್ನು ಒರೆಸಿಬಿಡುವಂತೆ ಸೂಚನಾ ಪತ್ರ ಹೇಳಿದ್ದರೆ ಒರೆಸಿಬಿಡಿ. ಎರಡನೆಯ ಹನಿ ದುಂಡಗೆ ನಿಲ್ಲುವವರೆಗೆ ತಾಳ್ಮೆಯಿಂದಿರಿ. ನೀವು ಮಾಡಿದಂತೆ ತುದಿಯನ್ನೇ ಗಟ್ಟಿಯಾಗಿ ಹಿಂಡಿದರೆ ರಕ್ತದ ಜೊತೆ ಚರ್ಮದಡಿಯ ನೀರಿನಂಥ ದ್ರವವೂ ಬಂದು ಸೇರುತ್ತದೆ. ಆಗ ರಕ್ತ ತೆಳುವಾಗಿ, ಇರುವ ಪ್ರತಿಕಾಯಗಳೂ ವಿರಳವಾಗುತ್ತವೆ. ಬೆರಳಿನ ಬುಡದಿಂದ ಮೇಲಕ್ಕೆ ಮೃದುವಾಗಿ ಒತ್ತಬಹುದು, ತುದಿಯನ್ನು ಹಿಂಡಬಾರದು. ಹನಿ ಸಾಲದಿದ್ದರೆ ಹೊಸ ಸೂಜಿಯಿಂದ ಬೇರೆ ಬೆರಳನ್ನು ಚುಚ್ಚಬೇಕು. ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಎಂದಿಗೂ ಕೊಡಬಾರದು. ಕೊಳವೆಯ ಗುರುತಿನವರೆಗೆ ರಕ್ತ ತುಂಬಿಸಿ, ಸೂಚಿಸಿದ ಗುಂಡಿಯಲ್ಲೇ ಹಾಕಿ, ದ್ರಾವಣದ ಹನಿಗಳನ್ನು ಎಣಿಸಿ ಹಾಕಿ. ಒಂದು ಕಿಟ್‌ನ ದ್ರಾವಣವನ್ನು ಇನ್ನೊಂದು ಕಂಪನಿಯ ಪಟ್ಟಿಗೆ ಹಾಕುವಂತಿಲ್ಲ. ದ್ರಾವಣ ಬಿದ್ದ ಕ್ಷಣವೇ ಮೊಬೈಲ್‌ನಲ್ಲಿ ಟೈಮರ್ ಒತ್ತಿ, ಪಟ್ಟಿಯನ್ನು ಅಲುಗಾಡದ ಸಮತಟ್ಟಾದ ಜಾಗದಲ್ಲಿಡಿ.

‘ಸಿ’ ಗೆರೆ ಬಂದಿತಲ್ಲ, ಹಾಗಾದರೆ ರಕ್ತ ಸಾಕಾಗಿತ್ತು ಎಂದಲ್ಲವೇ ಎಂಬ ಸಂದೇಹ ನಿಮಗೆ ಬರಬಹುದು. ಈ ಒಂದು ವಿಷಯವನ್ನು ಸೂಚನಾ ಪತ್ರಗಳು ಸಾಕಷ್ಟು ಒತ್ತಿ ಹೇಳುವುದಿಲ್ಲ. ಕೆಲವು ಕಿಟ್‌ಗಳಲ್ಲಿ ‘ಸಿ’ ಗೆರೆ ಮೂಡಬೇಕಾದರೆ ಮನುಷ್ಯರ ರಕ್ತದಲ್ಲಿ ಅಥವಾ ಬಾಯಿಯ ದ್ರವದಲ್ಲಿ ಇರುವ ಸಹಜ ಪ್ರತಿಕಾಯಗಳು ಅಲ್ಲಿಗೆ ತಲುಪಲೇಬೇಕು, ಅಂಥವುಗಳಲ್ಲಿ ಆ ಗೆರೆ ಮಾದರಿ ಸೇರಿದೆ ಎಂಬುದಕ್ಕೂ ಸಾಕ್ಷಿ. ಇನ್ನು ಕೆಲವು ಕಿಟ್‌ಗಳಲ್ಲಿ ಬರೀ ದ್ರಾವಣ ಹರಿದರೂ ‘ಸಿ’ ಗೆರೆ ಮೂಡುತ್ತದೆ, ರಕ್ತದ ಹನಿ ಬಿದ್ದೇ ಇರದಿದ್ದರೂ. ನಿಮ್ಮದು ಯಾವ ಬಗೆಯದೆಂದು ನೀವು ಬರೆದಿಲ್ಲ. ಆದ್ದರಿಂದ ರಕ್ತ ಸರಿಯಾಗಿ ಬರಲಿಲ್ಲ ಎಂದು ನಿಮಗೇ ಅನಿಸಿದ ಪರೀಕ್ಷೆಯನ್ನು, ಗೆರೆ ಏನೇ ಹೇಳಲಿ, ಲೆಕ್ಕಕ್ಕೆ ಹಿಡಿಯಬೇಡಿ. ‘ಸಿ’ ಗೆರೆಯೇ ಬಾರದಿದ್ದರಂತೂ ‘ಟಿ’ ಗೆರೆ ಇರಲಿ ಬಿಡಲಿ ಆ ಕಿಟ್ ಅಸಿಂಧು. ಅದೇ ಪಟ್ಟಿಗೆ ಇನ್ನೊಂದು ಹನಿ ಹಾಕಿ ನೋಡುವುದೂ ಸಲ್ಲದು.

ಬಾಯಿಯ ದ್ರವದ ಕಿಟ್ ಒಳ್ಳೆಯದೇ ಎಂದು ಕೇಳಿದ್ದೀರಿ. ಚುಚ್ಚುವ ಗೋಜಿಲ್ಲ ಎಂಬುದು ಅದರ ಅನುಕೂಲ, ಆದರೆ ಒಸಡಿನ ದ್ರವದಲ್ಲಿ ಪ್ರತಿಕಾಯಗಳು ರಕ್ತದಲ್ಲಿರುವುದಕ್ಕಿಂತ ಬಹಳ ಕಡಿಮೆ ಇರುವುದರಿಂದ ಹೊಸ ಸೋಂಕನ್ನು ಅದು ಸ್ವಲ್ಪ ತಡವಾಗಿ ಹಿಡಿಯುತ್ತದೆ. ಎಚ್‌ಐವಿ ಎಂಜಲಿನಿಂದ ಹರಡುವುದಿಲ್ಲ, ಈ ಕಿಟ್ ಬಾಯಿಯಲ್ಲಿ ವೈರಸ್ಸನ್ನು ಹುಡುಕುವುದೂ ಇಲ್ಲ. ಅದನ್ನು ಬಳಸುವುದಾದರೆ ಪರೀಕ್ಷೆಗೆ 15 ನಿಮಿಷ ಮೊದಲಿನಿಂದ ಏನನ್ನೂ ತಿನ್ನಬಾರದು, ಕುಡಿಯಬಾರದು. ಹಲ್ಲುಜ್ಜಿದ್ದರೆ ಅಥವಾ ಮೌತ್‌ವಾಶ್ ಬಳಸಿದ್ದರೆ ಅರ್ಧ ಗಂಟೆ ಕಾಯಬೇಕು. ನಮ್ಮ ಕಡೆ ಎಲೆ ಅಡಿಕೆ, ಗುಟ್ಕಾ ಅಗಿಯುವವರು ಹೆಚ್ಚು. ಅವರು ಬಾಯಿ ಚೆನ್ನಾಗಿ ಮುಕ್ಕಳಿಸಿ, ಕೆಂಪು ಹೋದ ಮೇಲೆ ಅರ್ಧ ಗಂಟೆ ಬಿಟ್ಟು ಮಾಡುವುದು ಲೇಸು. ಕಡ್ಡಿಯ ತುದಿಯ ಮೆತ್ತೆಯನ್ನು ಕೈಯಿಂದ ಮುಟ್ಟದೆ, ಮೇಲಿನ ಒಸಡಿಗೆ ಒಂದು ಸಲ, ಕೆಳಗಿನ ಒಸಡಿಗೆ ಒಂದು ಸಲ, ಈ ತುದಿಯಿಂದ ಆ ತುದಿಯವರೆಗೆ ಒರೆಸಬೇಕು. ಒರೆಸಬೇಕಾದ್ದು ಒಸಡನ್ನು, ನಾಲಿಗೆಯನ್ನೋ ಕೆನ್ನೆಯ ಒಳಭಾಗವನ್ನೋ ಅಲ್ಲ. ನಂತರ ಕಡ್ಡಿಯನ್ನು ದ್ರಾವಣದ ಕೊಳವೆಯಲ್ಲಿಟ್ಟು, ಓದುವವರೆಗೆ ಹೊರತೆಗೆಯಬಾರದು. ನಿಮ್ಮ ಬೆರಳಿನ ಸ್ಥಿತಿ ನೋಡಿದರೆ ಮೂರು ತಿಂಗಳು ತುಂಬಿದ ಮೇಲೆ ನಿಮಗೆ ಈ ಕಿಟ್ ಅನುಕೂಲವಾದೀತು. ಈಗಲೇ ಬಳಸಿದರೆ ಪ್ರಯೋಜನ ಕಡಿಮೆ.

ಗಡುವಿನೊಳಗೆ, ಬೆಳಕು ಚೆನ್ನಾಗಿರುವ ಕಡೆ ನೋಡಿದಾಗ ‘ಟಿ’ ಜಾಗದಲ್ಲಿ ಗೆರೆ ಕಂಡರೆ, ಅದು ಎಷ್ಟೇ ಮಸುಕಾಗಿರಲಿ, ಅದನ್ನು ಗೆರೆಯೆಂದೇ ತಿಳಿಯಬೇಕು. ಬಣ್ಣ ತೆಳುವಾಗಿದ್ದರೆ ಸೋಂಕು ಕಡಿಮೆ, ದಟ್ಟವಾಗಿದ್ದರೆ ಹೆಚ್ಚು ಎಂಬ ಲೆಕ್ಕವಿಲ್ಲ. ಹಾಗೆ ಗೆರೆ ಬಂದಾಗ ಅದನ್ನು ‘ಪ್ರತಿಕ್ರಿಯೆ ತೋರಿದೆ’ ಎನ್ನುತ್ತೇವೆಯೇ ಹೊರತು ‘ಎಚ್‌ಐವಿ ದೃಢಪಟ್ಟಿದೆ’ ಎನ್ನುವುದಿಲ್ಲ. ಇದರ ಹಿಂದೆ ಸರಳವಾದ ಲೆಕ್ಕವಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2012ರಲ್ಲಿ ಓರಾಕ್ವಿಕ್ ಕಿಟ್ ಅನ್ನು ಮನೆ ಬಳಕೆಗೆ ಒಪ್ಪಿದಾಗ ಪ್ರಕಟಿಸಿದ ಅಂಕಿಗಳ ಪ್ರಕಾರ, ಸೋಂಕಿರುವ 12 ಜನರಲ್ಲಿ ಒಬ್ಬರಿಗೆ ಅದು ತಪ್ಪಾಗಿ ‘ಇಲ್ಲ’ ಎನ್ನಬಹುದು, ಸೋಂಕಿಲ್ಲದ 5,000 ಜನರಲ್ಲಿ ಒಬ್ಬರಿಗೆ ತಪ್ಪಾಗಿ ‘ಇದೆ’ ಎನ್ನಬಹುದು. ನಮ್ಮ ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಸುಮಾರು ಶೇಕಡ 0.2. ಅಂದರೆ 10,000 ಜನ ಪರೀಕ್ಷೆ ಮಾಡಿಕೊಂಡರೆ ಸೋಂಕಿರುವ 20 ಜನರಲ್ಲಿ ಸುಮಾರು 18 ಜನರಿಗೆ ಗೆರೆ ಬರುತ್ತದೆ, ಸೋಂಕಿಲ್ಲದ ಇಬ್ಬರಿಗೂ ಬರುತ್ತದೆ. ಗೆರೆ ಕಂಡ ಇಪ್ಪತ್ತು ಜನರಲ್ಲಿ ಇಬ್ಬರು ನಿಜವಾಗಿ ಆರೋಗ್ಯವಂತರು. ಇದು ತಪ್ಪು ಗೆರೆ ತೀರಾ ಕಡಿಮೆ ತೋರುವ ಕಿಟ್‌ನ ಮಾತು. ಸೋಂಕಿಲ್ಲದ 200 ಜನರಲ್ಲಿ ಒಬ್ಬರಿಗೆ ತಪ್ಪು ಗೆರೆ ತೋರುವ ಕಿಟ್ ಆದರೆ, ಅದೇ 10,000 ಜನರಲ್ಲಿ ಸುಮಾರು 50 ಜನ ಆರೋಗ್ಯವಂತರಿಗೆ ಗೆರೆ ಮೂಡುತ್ತದೆ, ನಿಜವಾದ ಸೋಂಕಿನ ಗೆರೆಗಳಿಗಿಂತ ಸುಳ್ಳು ಗೆರೆಗಳೇ ಹೆಚ್ಚಾಗುತ್ತವೆ. ಮನೆಯ ಪರೀಕ್ಷೆಯ ಎರಡು ಗೆರೆ ನೋಡಿ ಜೀವನವೇ ಮುಗಿಯಿತೆಂದು ಕುಸಿದು ಕೂರುವವರಿಗೆ ಈ ಲೆಕ್ಕ ಗೊತ್ತಿರಲೇಬೇಕು.

ದೃಢೀಕರಣ ಆಗುವುದು ಐಸಿಟಿಸಿಯಲ್ಲಿ. ಅಲ್ಲಿ ಮೊದಲ ಪರೀಕ್ಷೆಯಲ್ಲಿ ಪ್ರತಿಕ್ರಿಯೆ ಕಂಡರೆ, ಬೇರೆ ಬೇರೆ ಬಗೆಯ ಇನ್ನೆರಡು ಕಿಟ್‌ಗಳಿಂದ ಅದೇ ರಕ್ತವನ್ನು ಪರೀಕ್ಷಿಸುತ್ತಾರೆ. ಮೂರರಲ್ಲೂ ಪ್ರತಿಕ್ರಿಯೆ ಬಂದರಷ್ಟೇ ಎಚ್‌ಐವಿ ಇದೆಯೆಂದು ವರದಿ ಕೊಡುತ್ತಾರೆ. ಒಂದು ಕಿಟ್ ತಪ್ಪಿದ ಕಡೆ ಮೂರೂ ಕಿಟ್‌ಗಳು ಒಟ್ಟಿಗೆ ತಪ್ಪುವುದು ತೀರಾ ಅಪರೂಪ. ಇದಕ್ಕೆ ಹಣ ಕೊಡಬೇಕಿಲ್ಲ. ಪರೀಕ್ಷೆಗೆ ಮೊದಲೂ ಆಮೇಲೂ ಆಪ್ತಸಮಾಲೋಚಕರು ನಿಮ್ಮೊಡನೆ ಪ್ರತ್ಯೇಕವಾಗಿ ಮಾತನಾಡುತ್ತಾರೆ. ನಿಮ್ಮ ಊರಿನ ಕೇಂದ್ರಕ್ಕೇ ಹೋಗಬೇಕೆಂಬ ನಿಯಮವೂ ಇಲ್ಲ. ಶಿಡ್ಲಘಟ್ಟದಲ್ಲಿ ಪರಿಚಯದವರು ಸಿಗಬಹುದೆಂಬ ಅಂಜಿಕೆಯಿದ್ದರೆ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಗೆ ಹೋಗಿ. ಚಿಂತಾಮಣಿ, ಕೋಲಾರ ಅಥವಾ ಬೆಂಗಳೂರಿನ ಯಾವುದೇ ಸರ್ಕಾರಿ ಆಸ್ಪತ್ರೆಯ ಕೇಂದ್ರವೂ ಆದೀತು. ಹೊರರೋಗಿ ವಿಭಾಗದ ಸಮಯದಲ್ಲಿ ಹೋಗಿ ‘ಐಸಿಟಿಸಿ ಎಲ್ಲಿದೆ’ ಎಂದು ಕೇಳಿದರೆ ಸಾಕು, ಕಾರಣ ಕೌಂಟರಿನಲ್ಲಿ ಹೇಳಬೇಕಾಗಿಲ್ಲ. ಗರ್ಭಿಣಿಯರೂ ಕ್ಷಯರೋಗಿಗಳೂ ಪರೀಕ್ಷೆಗೆ ಅದೇ ಕೋಣೆಗೆ ಬರುವುದರಿಂದ, ಅಲ್ಲಿ ಕುಳಿತವರನ್ನು ನೋಡಿ ಯಾರೂ ಏನನ್ನೂ ತೀರ್ಮಾನಿಸಲಾರರು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆಯ ಪ್ರಕಾರ, ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ನಿಮ್ಮ ಫಲಿತಾಂಶವನ್ನು ಬಯಲು ಮಾಡುವಂತಿಲ್ಲ, ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಯಾವ ಕೇಂದ್ರ ಹತ್ತಿರವೆಂದು ತಿಳಿಯಲು 1097 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು. ಹೆಸರು ಹೇಳದೆಯೂ ಮಾತನಾಡಬಹುದು.

ಅಲ್ಲಿಗೆ ಹೋದಾಗ, ನಾಲ್ಕು ವಾರದ ಹಿಂದೆ ಸಂಪರ್ಕವಾಯಿತು ಎಂಬ ದಿನಾಂಕವನ್ನು ಸರಿಯಾಗಿ ಹೇಳಿ. ಅದನ್ನು ಮುಚ್ಚಿಟ್ಟರೆ ಇಂದಿನ ‘ಇಲ್ಲ’ ಎಂಬ ವರದಿಯನ್ನೇ ಕೊನೆಯ ಮಾತೆಂದು ತಿಳಿದು ನೀವು ಹಿಂದಿರುಗುವಿರಿ. ಹಾಗೆಯೇ ಸಿಫಿಲಿಸ್ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಗಳನ್ನೂ ಕೇಳಿ ಮಾಡಿಸಿಕೊಳ್ಳಿ. ಅದೇ ಸಂಪರ್ಕದಿಂದ ಅವೂ ಬರಬಹುದು, ಎಚ್‌ಐವಿ ಕಿಟ್ ಅವುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೂರು ತಿಂಗಳು ತುಂಬುವವರೆಗೆ ಯಾರೊಡನೆಯೇ ಆದರೂ ಕಾಂಡೋಮ್ ಇಲ್ಲದ ಸಂಪರ್ಕ ಬೇಡ. ರಕ್ತದಾನವೂ ಬೇಡ. ರಕ್ತ ಕೊಟ್ಟರೆ ಅವರೇ ಪುಕ್ಕಟೆಯಾಗಿ ಪರೀಕ್ಷೆ ಮಾಡುತ್ತಾರೆಂದು ಶಿಬಿರಕ್ಕೆ ಹೋಗುವವರಿದ್ದಾರೆ. ಗವಾಕ್ಷಿ ಅವಧಿಯಲ್ಲಿ ಕೊಟ್ಟ ರಕ್ತದ ಸೋಂಕು ರಕ್ತನಿಧಿಯ ಪರೀಕ್ಷೆಯಲ್ಲೂ ಸಿಗದೆ ಹೋಗಬಹುದು, ಅದರ ಫಲವನ್ನು ಇನ್ನಾರೋ ರೋಗಿ ಅನುಭವಿಸಬೇಕಾಗುತ್ತದೆ.

ಒಂದು ವೇಳೆ ಸೋಂಕು ದೃಢಪಟ್ಟರೆ? ಆ ಪ್ರಶ್ನೆಯನ್ನು ನೀವು ಬರೆದಿಲ್ಲ, ಆದರೆ ನಿಮ್ಮ ಪತ್ರದಲ್ಲಿ ಅದೇ ಕಾಣುತ್ತದೆ. 2004ರ ಏಪ್ರಿಲ್‌ನಿಂದ ನಮ್ಮ ದೇಶದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ ಕೊಡುವ ಕೇಂದ್ರಗಳಲ್ಲಿ, ಚಿಕಿತ್ಸೆ ಉಚಿತ. 2017ರಿಂದ ರಕ್ತದ ಸಿಡಿ4 ಎಣಿಕೆ (ರೋಗನಿರೋಧಕ ಕಣಗಳ ಲೆಕ್ಕ) ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ಆರಂಭಿಸುತ್ತಾರೆ. ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಅದನ್ನು ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು, ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಸಾವಿರಾರು ದಂಪತಿಗಳ ಮೇಲೆ ನಡೆದ ದೊಡ್ಡ ಅಧ್ಯಯನಗಳಿಂದ ಇದು ಖಚಿತವಾಗಿದೆ. ಬೇಗ ತಿಳಿದುಕೊಂಡವರು ಕೆಲಸ ಮಾಡಿಕೊಂಡು, ಸಂಸಾರ ನಡೆಸಿಕೊಂಡು, ಎಲ್ಲರಷ್ಟೇ ಆಯಸ್ಸು ನಿರೀಕ್ಷಿಸಬಹುದು. ಈ ಚಿಕಿತ್ಸೆ ಪಡೆಯುತ್ತಿರುವವರು ಮಾತ್ರ ಕುತೂಹಲಕ್ಕೂ ಸ್ವಯಂ ಪರೀಕ್ಷೆ ಮಾಡಿಕೊಳ್ಳಬಾರದು. ಮಾತ್ರೆಯಿಂದ ಪ್ರತಿಕಾಯಗಳು ತಗ್ಗಿ ತಪ್ಪಾಗಿ ‘ಇಲ್ಲ’ ಎಂದು ಬಂದರೆ, ರೋಗ ವಾಸಿಯಾಯಿತೆಂದು ಮಾತ್ರೆ ನಿಲ್ಲಿಸುವ ಅಪಾಯವಿದೆ.

ಸರಿರಾತ್ರಿ ಒಬ್ಬರೇ ಕುಳಿತು ಪರೀಕ್ಷೆ ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಗೆರೆ ನೋಡಿ ಎದೆ ಒಡೆದರೆ ಆ ಹೊತ್ತಿನಲ್ಲಿ ಕೇಳಲು ಐಸಿಟಿಸಿಯೂ ತೆರೆದಿರುವುದಿಲ್ಲ, ಎಬ್ಬಿಸಿ ಹೇಳಲು ಯಾರೂ ಇರುವುದಿಲ್ಲ. ಕುಡಿದಾಗಲೂ ಬೇಡ. ಆಸ್ಪತ್ರೆ ತೆರೆಯುವ ದಿನದ ಬೆಳಗ್ಗೆ, ಮುಕ್ಕಾಲು ಗಂಟೆ ಯಾರೂ ಬಾಗಿಲು ತಟ್ಟದ ಹೊತ್ತು ನೋಡಿ ಮಾಡಿಕೊಳ್ಳಿ. ನಂಬಿಕಸ್ಥ ಗೆಳೆಯನೊಬ್ಬನಿಗೆ ಮೊದಲೇ ಹೇಳಿದ್ದರೆ ಇನ್ನೂ ಒಳ್ಳೆಯದು. ಮನಸ್ಸು ತಡೆಯಲಾರದಷ್ಟು ಕಂಗೆಟ್ಟಾಗ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಬಳಸಿದ ಕಿಟ್ ಅನ್ನು ಇನ್ನೂ ಇಟ್ಟುಕೊಂಡಿದ್ದರೆ ಇಂದೇ ವಿಲೇವಾರಿ ಮಾಡಿ. ಅದನ್ನು ಮತ್ತೆ ಮತ್ತೆ ತೆಗೆದು ನೋಡುವುದರಿಂದ ಗೆರೆಗೆ ಹೊಸ ಅರ್ಥವೇನೂ ಬರುವುದಿಲ್ಲ. ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯೊಳಗೆ ಹಾಕಿ ಮುಚ್ಚಳ ಬಿಗಿದು, ಐಸಿಟಿಸಿಗೆ ಹೋಗುವಾಗ ಒಯ್ದು ಅಲ್ಲಿನ ತಂತ್ರಜ್ಞರಿಗೆ ಕೊಡಿ. ಬೀದಿಯ ಕಸಕ್ಕೆ ಬಿಡಿಯಾಗಿ ಎಸೆದರೆ ಪುರಸಭೆಯ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಮದುವೆಯ ವಿಷಯದಲ್ಲಿ ನನ್ನ ಸಲಹೆಯೆಂದರೆ, ಮೂರು ತಿಂಗಳು ತುಂಬಿ ಕೊನೆಯ ವರದಿ ಕೈಗೆ ಬರುವವರೆಗೆ ಮಾತುಕತೆ ನಡೆಯಲಿ, ನಿಶ್ಚಿತಾರ್ಥದ ದಿನ ಮಾತ್ರ ಗೊತ್ತುಮಾಡಬೇಡಿ. ಮನೆಯವರಿಗೆ ಈಗಲೇ ಕಾರಣ ಹೇಳಬೇಕೆಂದೇನೂ ಇಲ್ಲ, ಸ್ವಲ್ಪ ಸಮಯ ಬೇಕು ಎಂದರೆ ಸಾಕು. ವರದಿಯಲ್ಲಿ ಸೋಂಕಿಲ್ಲವೆಂದು ಬಂದರೆ ವಿಷಯ ಅಲ್ಲಿಗೆ ಮುಗಿಯಿತು. ಇದೆಯೆಂದು ಬಂದರೆ, ಮದುವೆಯಾಗುವವರಿಗೆ ಮೊದಲೇ ತಿಳಿಸುವುದು ನಿಮ್ಮ ಕರ್ತವ್ಯ. ಲೈಂಗಿಕ ಸಂಪರ್ಕಕ್ಕೆ ಮುಂಚೆ ಸಂಗಾತಿಗೆ ಹೇಳುವುದೂ ಸೇರಿದಂತೆ, ಸೋಂಕು ಹರಡದಂತೆ ಎಚ್ಚರ ವಹಿಸಬೇಕೆಂದು ಮೇಲೆ ಹೇಳಿದ ಎಚ್‌ಐವಿ ಕಾಯ್ದೆಯೂ ಹೇಳುತ್ತದೆ. ಅಷ್ಟು ದೊಡ್ಡ ಮಾತನ್ನು ಹೇಗೆ ಎತ್ತುವುದೆಂದು ತೋಚದಿದ್ದರೆ ಆಪ್ತಸಮಾಲೋಚಕರ ಸಹಾಯ ಕೇಳಿ. ಆ ಹುಡುಗಿಯೂ ಒಪ್ಪಿದರೆ ಇಬ್ಬರನ್ನೂ ಕೂರಿಸಿಕೊಂಡು ಅವರು ಮಾತನಾಡುತ್ತಾರೆ. ಆಕೆಗೆ ತಿಳಿಯದಂತೆ ಆಕೆಯ ರಕ್ತವನ್ನೋ ಬಾಯಿಯ ದ್ರವವನ್ನೋ ತೆಗೆದು ಪರೀಕ್ಷಿಸುವ ಯೋಚನೆಯನ್ನು ಮಾತ್ರ, ನಿಮ್ಮ ಫಲಿತಾಂಶ ಏನೇ ಆಗಿರಲಿ, ಮಾಡಬೇಡಿ.